ಬಾಯಿಬಿಟ್ಟ ಲಿವರ್

ನನ್ನ ಕಣ್ಣಾಣೆ, ಇದು ನಡೆದದ್ದೇ. ಲಿವರ್‌ಗಳು ಮಾತು ಕಲಿತ ಮೇಲೆ ಮದುವೆಗೆ ಜಾತಕ ಯಾರು ಕೇಳುತ್ತಾರೆ? ಅಕ್ಕನ ಮಗ ತಿಪ್ಪೇಶ ಕುಡಿತ ಬಿಟ್ಟು ತಿಂಗಳೂ ಆಗಿರಲಿಲ್ಲ. ಲಿವರ್ ಸುಮ್ಮನಿರಲಿ ಎಂದು ಮಿಲ್ಕ್ ಥಿಸಲ್ ಎಂಬ ಗಿಡಮೂಲಿಕೆ ಮಾತ್ರೆ ನುಂಗಿಯೇ ಹೆಣ್ಣು ನೋಡಲು ಬಂದಿದ್ದ. ಆದರೂ ಅಂಗಿಯೆಲ್ಲ ಬೆವರು.

ಹೆಣ್ಣಿನ ತಾಯಿ ಅವನ ಬಲಪಕ್ಕೆಗೆ ಕಿವಿಯಿಟ್ಟರು.

“ಮಾತ್ರೆ ಒಳ್ಳೇದೇ ಅತ್ತೆಮ್ಮ,” ಎಂದಿತು ಲಿವರ್. “ಆದ್ರೆ ಇವ್ನು ಅಷ್ಟು ವರ್ಷ ಕುಡ್ದಿದ್ದನ್ನ ಅದೆಲ್ಲಿ ತೊಳೀತದೆ?”

ತಿಪ್ಪೇಶ ಎರಡೂ ಕೈಯಿಂದ ಪಕ್ಕೆ ಮುಚ್ಚಿಕೊಂಡ. ಅಷ್ಟರಲ್ಲಿ ಹೆಣ್ಣಿನ ತಂದೆಯ ಪಕ್ಕೆಯೊಳಗಿಂದ ದನಿ ಬಂತು: “ಲೇ ತಮ್ಮಾ, ಆ ಮಾತ್ರೆ ನಂಗೂ ಕೊಡ್ಸೋ! ನಮ್ ಯಜಮಾನ್ರು ನಿನ್ನೆ ರಾತ್ರೀನೂ ಕದ್ದು...”

ಹೆಂಡತಿ ತಿರುಗಿ ನೋಡುವ ಮೊದಲೇ ಹೆಣ್ಣಿನ ತಂದೆ ಎದ್ದು ಕೂಗಿದರು: “ಹುಡ್ಗ ಒಪ್ಗೆ! ತಾಂಬೂಲ ತನ್ನಿ!”

ನಗುತ್ತೀರಾ? ಎಲ್ಲಿ, ಸ್ವಲ್ಪ ನಿಮ್ಮ ಅಂಗಿ ಎತ್ತಿ, ನೋಡೋಣ.