ದಾಸೋಹದ ಮನೆಯ ತೊಲೆ

ನಮ್ಮಲ್ಲಿ ಉಕ್ಕಿಗೆ ದುಃಖ ಸೇರುತ್ತದೆ. ಬೆಸುಗೆ ಹಾಕಿದವರು ತೀರಿಕೊಂಡರೆ, ಮನೆಯವರು ಯಾರಿಗೂ ಹೇಳದೆ ಉಳಿಸಿಕೊಂಡ ನೆನಪೆಲ್ಲ ಅವರ ಕೈಕೆಲಸಕ್ಕೆ ತೂಕವಾಗಿ ಸೇರಿಕೊಳ್ಳುತ್ತದೆ; ಹೇಳಿಕೊಂಡಷ್ಟೂ ಹಗುರಾಗುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ಮಾಡುವ ನಾವು ಪುಸ್ತಕದಲ್ಲಿರುವ ಉಕ್ಕಿನ ಸಾಂದ್ರತೆಯನ್ನು ನಂಬದೆ ಪ್ರತಿ ತೊಲೆಯನ್ನೂ ತೂಗಿ ನೋಡುತ್ತೇವೆ.

ತೀರಿಕೊಂಡ ನನ್ನ ಹೆಂಡತಿ ಗಂಗವ್ವ ಕೊನೆಯದಾಗಿ ಬೆಸೆದದ್ದು ಮಠದ ದಾಸೋಹದ ಮನೆಯ ತೊಲೆ. ತನ್ನ ಕೆಲಸದ ನೆರಳಿನಲ್ಲಿ ಜನ ಕೂತು ಉಣ್ಣಬೇಕೆಂಬುದು ಆಕೆಯ ಆಸೆ. ಆ ತೊಲೆ ಇಂದು ಮಿತಿ ಮೀರಿ ತೂಗಿತು. ತೂಕ ಇಳಿಯದಿದ್ದರೆ ಅದನ್ನು ಕುಲುಮೆಗೆ ಹಾಕುತ್ತಾರೆ.

“ಕಾಕಾ, ಗಂಗವ್ವ ಕಾಕುನ ಸುದ್ದಿ ನೀವು ಯಾರ ಮುಂದೂ ಎತ್ತಿಲ್ಲ,” ಎಂದಳು ಜೊತೆಗೆ ಕೆಲಸ ಮಾಡುವ ರೆಹಾನಾ. “ಈಗರೆ ಹೇಳ್ರಿ. ಚಾ ತರಿಸ್ತೀನಿ.”

ಹೇಳಿದೆ. ವಿಭೂತಿ ಹಚ್ಚದೆ ಆಕೆ ಬೆಸುಗೆಗೆ ಕೂಡುತ್ತಿರಲಿಲ್ಲ. ವಚನ ಹಾಡುವಾಗ ರಾಗ ತಪ್ಪಿದರೆ ಕಿಡಿ ಹಾರಿತೆಂದು ನೆವ ಹೇಳುತ್ತಿದ್ದಳು. “ನಿಮ್ಮ ಕಂಪ್ಯೂಟರಿನ್ಯಾಗಿನ ಕಬ್ಬಿಣ ಯಾರ ಕೈನೂ ಸುಡೂದಿಲ್ಲ ಬಿಡ್ರಿ,” ಎಂದು ನನ್ನನ್ನು ಕಾಡುತ್ತಿದ್ದಳು. ರೆಹಾನಾ ನಕ್ಕಳು, ನಾನೂ ನಕ್ಕೆ. ತೂಕದ ಯಂತ್ರದ ಪರದೆಯ ಮೇಲೆ ತೊಲೆಯ ತೂಕ ಇಳಿಯುತ್ತ ಬಂದು ಮಿತಿಯೊಳಗೆ ಸೇರಿತು. ನಾನು ಮಾತು ನಿಲ್ಲಿಸಿದೆ.

“ಪುಸ್ತಕದ ಲೆಕ್ಕಕ್ಕಿಂತ ಇನ್ನೂ ಸ್ವಲ್ಪ ಹೆಚ್ಚೈತಲ್ಲ, ಕಾಕಾ. ಪೂರಾ ಹೇಳಿಬಿಡ್ರಿ.”

“ಬ್ಯಾಡವ್ವ. ಅಷ್ಟರೆ ನನಗ ಇರಲಿ,” ಎಂದು ಆ ತೂಕವನ್ನೇ ನಕ್ಷೆಗೆ ತುಂಬಿದೆ.