ಅಜ್ಜಾರ ಕೈ ಬೀಳಲಿಲ್ಲ

ಗದಗದಲ್ಲಿ ಒಬ್ಬ ಯೋಗ ಗುರುಗಳಿದ್ದರು. ಹರೆಯದಲ್ಲೇ ಮನೆ ಬಿಟ್ಟು ಸನ್ಯಾಸಿಯಾದವರು. ಊರೆಲ್ಲ ಅವರನ್ನು 'ಯೋಗದ ಅಜ್ಜಾರು' ಎಂದೇ ಕರೆಯುತ್ತಿತ್ತು.

ಬೆನ್ನು ನೋವಿನವರು, ಶುಗರ್‌ನವರು, ಮನಸ್ಸು ಮುರಿದವರು... ಬೆಳಗಾದರೆ ಎಲ್ಲರೂ ಅವರ ಹಾಲ್‌ನಲ್ಲಿ.

ಮೈ ತಿರುಚುವ ಕಷ್ಟದ ಆಸನಗಳಿಗೆ ಅಜ್ಜಾರು ಅಷ್ಟೇನೂ ಬೆಲೆ ಕೊಡುತ್ತಿರಲಿಲ್ಲ. "ಅದನ್ನ ಸರ್ಕಸ್‌ನವ್ರೂ ಮಾಡ್ತಾರ" ಎಂದು ನಕ್ಕುಬಿಡುತ್ತಿದ್ದರು. ಅವರಿಗೆ ಮುಖ್ಯವಾಗಿದ್ದು ಕೊನೆಗೆ ಅಂಗಾತ ಮಲಗುವ ಶವಾಸನ.

ಎಲ್ಲರೂ ಕಣ್ಣು ಮುಚ್ಚಿ ಮಲಗಿರುವಾಗ ಸದ್ದಿಲ್ಲದೆ ಬಂದು ಒಬ್ಬೊಬ್ಬರ ಕೈ ಎತ್ತಿ ಬಿಟ್ಟುಬಿಡುತ್ತಿದ್ದರು. ಒದ್ದೆ ಬಟ್ಟೆಯಂತೆ ತೊಪ್ಪನೆ ಬಿದ್ದರೆ ಪಾಸು. ಎತ್ತಿದಲ್ಲೇ ನಿಂತರೆ ಒಂದೇ ಮಾತು...

"ಇನ್ನೂ ಏನೋ ಹಿಡ್ಕೊಂಡೀಯಲ್ಲೋ ತಮ್ಮಾ..."

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವನು ಚನ್ನವೀರ. ಸ್ಟೀಲ್ ಪಾತ್ರೆ ಅಂಗಡಿಯವನು. ಹೆಂಡತಿ ಕ್ಯಾನ್ಸರ್‌ನಲ್ಲಿ ತೀರಿಕೊಂಡ ಮೇಲೆ ಅವನಿಗೆ ಅಂಗಡಿಯೂ ಬೇಡ, ಮನೆಯೂ ಬೇಡ ಎನ್ನಿಸಿತ್ತು.

ಅವನಿಗೆ ಒಬ್ಬಳೇ ಮಗಳು, ಸಿಂಚನಾ. ಇನ್ನೂ ಮೂರನೇ ಕ್ಲಾಸು. ಅವಳ ಮುಖ ನೋಡಿದರೆ ಹೆಂಡತಿಯ ಮುಖವೇ ಕಾಣುತ್ತಿತ್ತು. ಅದಕ್ಕೇ ಅವನು ನೋಡುವುದನ್ನೇ ಕಡಿಮೆ ಮಾಡಿದ್ದ.

ಒಂದು ದಿನ ಅಜ್ಜಾರ ಕಾಲು ಹಿಡಿದು ಕೇಳಿದ. "ನನಗ ಸನ್ಯಾಸ ದೀಕ್ಷಾ ಕೊಡ್ರಿ ಅಜ್ಜಾರ. ಈ ಸಂಸಾರ ಸಾಕಾಗೇತಿ."

"ಮಗಳು?"

"ಬಾಗಲಕೋಟಿಗೆ ಅವರ ದೊಡ್ಡವ್ವನ ಮನ್ಯಾಗ ಬಿಡ್ತೀನ್ರಿ. ಅವ್ರು ಚಲೋ ನೋಡ್ಕೋತಾರ."

ಅಜ್ಜಾರು ಅವನ ಕೈ ನೋಡಿದರು. "ಮೊದ್ಲು ನಿನ್ನ ಕೈ ಬೀಳ್ಲಿ. ಆಮ್ಯಾಲ ನೋಡೂಣು."

ಚನ್ನವೀರ ಹಠಕ್ಕೆ ಬಿದ್ದ. ದಿನಾ ಮಲಗಿದ... ದಿನಾ ಅವನ ಕೈ ಗಾಳಿಯಲ್ಲಿ ನಿಂತಿತು.

ಅಷ್ಟರಲ್ಲಿ ಅಜ್ಜಾರು ಹಾಸಿಗೆ ಹಿಡಿದರು. ಕ್ಲಾಸು ನಡೆಸುವ ಕೆಲಸ ಹಿರಿಯ ಶಿಷ್ಯನೊಬ್ಬನ ಪಾಲಿಗೆ ಬಂತು.

ಒಂದು ಸೋಮವಾರ ಮಗಳನ್ನು ಕರೆದೊಯ್ಯಲು ದೊಡ್ಡವ್ವ ಬರುವುದೆಂದು ನಿಶ್ಚಯವಾಯಿತು. ಹುಡುಗಿ ಅಳಲಿಲ್ಲ, ಹಠ ಮಾಡಲಿಲ್ಲ. ತನ್ನ ಬ್ಯಾಗು ತಾನೇ ತುಂಬಿಕೊಂಡಳು. ಚನ್ನವೀರನಿಗೆ ಹಗುರವೆನಿಸಿತು.

ಆ ಸೋಮವಾರ ಬೆಳಿಗ್ಗೆಯೇ ಶವಾಸನದಲ್ಲಿ ಹಿರಿಯ ಶಿಷ್ಯ ಅವನ ಕೈ ಎತ್ತಿದ... ಕೈ ತೊಪ್ಪನೆ ಬಿತ್ತು.

ಚನ್ನವೀರ ಅಜ್ಜಾರ ಕೋಣೆಗೆ ಓಡಿದ. "ಬಿತ್ರಿ ಅಜ್ಜಾರ... ನನ್ನ ಕೈ ಬಿತ್ತು. ಎಲ್ಲಾ ಬಿಟ್ಟೆ ನಾನು."

ಅಜ್ಜಾರ ಮುಖದಲ್ಲಿ ಸಂತೋಷ ಕಾಣಲಿಲ್ಲ. "ಇಲ್ಲಿ ಬಾ" ಎಂದರು. "ನನ್ನ ಕೈ ಎತ್ತಿ ನೋಡು."

ಅವನು ಹಿಂಜರಿದ. ಗುರುಗಳ ಪರೀಕ್ಷೆ ಮಾಡುವುದುಂಟೇ?

"ಎತ್ತೋ ತಮ್ಮಾ. ಇಷ್ಟು ವರ್ಷದಾಗ ಯಾರೂ ನನ್ನ ಕೈ ಎತ್ತಿ ನೋಡಿಲ್ಲ."

ಅಜ್ಜಾರು ಕಣ್ಣು ಮುಚ್ಚಿದರು. ಚನ್ನವೀರ ಆ ಬಡಕಲು ಕೈಯನ್ನು ಎತ್ತಿ ಬಿಟ್ಟ.

ಕೈ ಬೀಳಲಿಲ್ಲ... ನಡುಗುತ್ತಾ ಗಾಳಿಯಲ್ಲೇ ನಿಂತಿತು.

ಅಜ್ಜಾರ ಕಣ್ಣಂಚಿನಿಂದ ನೀರು ಇಳಿಯಿತು. "ನಾ ಮನಿ ಬಿಡೂ ದಿನ ನಮ್ಮವ್ವ ಬಸ್ಸಿನ ಕಿಟಕ್ಯಾಗ ಕೈ ಹಾಕಿ ಈ ಕೈ ಹಿಡಿದಿದ್ಲು. 'ರಾಚ್ಯಾ, ನನಗ ಯಾರದಾರೋ' ಅಂದ್ಲು. ಬಸ್ಸು ಹೊಂಟಿತ್ತು... ಒಂದೊಂದ ಬೆರಳು ನಾನ ಬಿಡಿಸಿದೆ."

"ಮುಂದ ಆಕಿ ಸಾಯ್ಲಿಕ್ಕತ್ತಾಳ ಅಂತ ಊರಿಂದ ಒಬ್ಬ ಬಂದ. ಸನ್ಯಾಸಿಗೆ ಎಲ್ಲಿ ತಾಯಿ ಅಂತ ಹೇಳಿ ಕಳಿಸಿಬಿಟ್ಟೆ. ಹೇಳಿ, ಪ್ರಾಣಾಯಾಮಕ್ಕ ಕುಂತೆ."

ಅಜ್ಜಾರು ಕಣ್ಣು ತೆರೆದು ಚನ್ನವೀರನನ್ನು ನೋಡಿದರು.

"ಸಿಟ್ಟು ಬಿಡು, ಆಸೆ ಬಿಡು, ನಾನು ಅನ್ನೂದು ಬಿಡು. ಯೋಗ ಹೇಳೂದು ಅದು. ನಿನ್ನ ನಂಬಿ ಹಿಡಿದ ಕೈ ಬಿಡು ಅಂತ ಹೇಳಿಲ್ಲ. ಇದು ನನಗ ತಿಳಿಯೂದ್ರಾಗ ಆಕಿ ಮಣ್ಣಾಗಿದ್ಲು... ನೀ ಹೋಗು. ಕೂಸು ಹೋಗೂದ್ರಾಗ ಮನಿ ಮುಟ್ಟು."

ಚನ್ನವೀರ ಓಡಿದ. ಚಪ್ಪಲಿಯ ನೆನಪೂ ಆಗಲಿಲ್ಲ.

ಸಿಂಚನಾ ಬಾಗಿಲ ಮೆಟ್ಟಿಲ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಲೆ ತಾನೇ ಬಾಚಿಕೊಂಡಿದ್ದಳು, ಬೈತಲೆ ಸೊಟ್ಟಗಿತ್ತು.

ಅವನು ಎದುರಿಗೆ ಕುಕ್ಕರಿಸಿ ಅವಳ ಕೈ ಹಿಡಿದ. ಅವಳು ಹಿಡಿಯಲಿಲ್ಲ. ಅವನ ಹಿಡಿತ ಸ್ವಲ್ಪ ಸಡಿಲಾಗಿದ್ದೇ ತಡ... ಆ ಪುಟ್ಟ ಕೈ ತೊಪ್ಪನೆ ಬ್ಯಾಗಿನ ಮೇಲೆ ಬಿತ್ತು.

"ನಾ ಅಳಂಗಿಲ್ಲ ಅಪ್ಪಾ" ಎಂದಳು. "ನೀ ಹೋಗು."

ತಾನು ಇಷ್ಟು ದಿನ ಕಲಿಯಲು ಒದ್ದಾಡಿದ್ದನ್ನು ಮಗಳು ಅವನಿಗಿಂತ ಮೊದಲೇ ಕಲಿತುಬಿಟ್ಟಿದ್ದಳು. ಅದನ್ನು ಕಲಿಸಿದವನು ತಾನೇ ಎಂದು ತಿಳಿದಾಗ ಚನ್ನವೀರ ಮೆಟ್ಟಿಲ ಮೇಲೆಯೇ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ದೊಡ್ಡವ್ವ ಬಂದರು, ಚಹಾ ಕುಡಿದರು, ಒಬ್ಬರೇ ಹಿಂತಿರುಗಿದರು.

ಸಂಜೆ ಸುದ್ದಿ ಬಂತು... ಅಜ್ಜಾರು ಹೋಗಿಬಿಟ್ಟರು.

ಮಗಳ ಕೈ ಹಿಡಿದುಕೊಂಡೇ ಚನ್ನವೀರ ದರ್ಶನಕ್ಕೆ ಹೋದ. ಸಾಲಿನಲ್ಲಿ ಯಾರೋ ಹೇಳುತ್ತಿದ್ದರು, "ಅಜ್ಜಾರು ಎಲ್ಲಾ ಬಿಟ್ಟವ್ರು ಬಿಡ್ರಿ. ಶವಾಸನದಾಗ ಇದ್ದಂಗ ಅದಾರ ನೋಡ್ರಿ."

ಚನ್ನವೀರ ಬಟ್ಟೆಯಿಂದ ಹೊರಗೆ ಉಳಿದಿದ್ದ ಆ ಬಡಕಲು ಕೈಯನ್ನೇ ನೋಡುತ್ತಾ ನಿಂತ. ಆಗ ಅವನ ಮುಷ್ಟಿಯೊಳಗೆ ಏನೋ ಮಿಸುಕಾಡಿತು.

ಸಿಂಚನಾ ಅವನ ಒಂದು ಬೆರಳು ಹಿಡಿದುಕೊಂಡಿದ್ದಳು.

ಬಿಡಬೇಕಾದದ್ದನ್ನು ಇನ್ನೊಂದು ದಿನ ಬಿಟ್ಟರೂ ನಡೆದೀತು... ಹಿಡಿಯಬೇಕಾದ ಕೈಯನ್ನು ಇವತ್ತೇ ಹಿಡಿಯಬೇಕು.

ನಿಮ್ಮ ಕೈಗಾಗಿ ಕಾದು ಕಾದು, ಕೇಳುವುದನ್ನೇ ಬಿಟ್ಟುಬಿಟ್ಟವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ?