ಕಾಳ್ಯಾನ ಅನುಕಂಪದ ನೌಕರಿ

ಸತ್ತವರ ಸರ್ಕಾರಿ ನೌಕರಿ ಮನೆಯಲ್ಲಿ ಹೆಚ್ಚು ದುಃಖಪಟ್ಟವರಿಗೇ ಸೇರಬೇಕೆಂಬ ಕಾನೂನು ಬಂದ ಮೇಲೆ, ಈರಪ್ಪನ ಕುರ್ಚಿ ಮಗಳು ನೀಲವ್ವನಿಗೆ ದಕ್ಕಲಿಲ್ಲ, ನಾಯಿ ಕಾಳ್ಯಾನಿಗೆ ದಕ್ಕಿತು. ದುಃಖ ಅಳೆಯುವ ಯಂತ್ರದ ಮುಳ್ಳಿಗೆ ಮುಲಾಜಿಲ್ಲವಲ್ಲ!

ಅಂದಿನಿಂದ ದಿನಾ ಬೆಳಿಗ್ಗೆ ನೀಲವ್ವ ಅದರ ಮೈ ಒರೆಸಿ, ಕೊರಳಿಗೆ ಗುರುತಿನ ಚೀಟಿ ಹಾಕಿ, ರೊಟ್ಟಿಯ ಬುತ್ತಿ ಕಟ್ಟಿ ನೀರಾವರಿ ಕಚೇರಿಯ ಜೀಪು ಹತ್ತಿಸುತ್ತಿದ್ದಳು. "ಹೋಗ್ರಿ ಸಾಹೇಬ್ರ, ಫ್ಯಾನಿನ ಬುಡಕ ಕುಂತು ಬರ್ರಿ," ಎಂದು ಹಲ್ಲು ಕಡಿಯುತ್ತಿದ್ದಳು. ಸಂಜೆ ಮರಳಿದ ಕಾಳ್ಯಾ ಈರಪ್ಪನ ಚಪ್ಪಲಿಯ ಮೇಲೆ ಮೂತಿಯಿಟ್ಟು ಕುಂಯ್‌ಗುಡುತ್ತಿತ್ತು. ವರ್ಷಕ್ಕೊಮ್ಮೆ ಮರು ಅಳತೆಯಿದೆ ಎಂದು ತಿಳಿದ ದಿನವೇ ಆಕೆ ಆ ಚಪ್ಪಲಿಯನ್ನು ಅಟ್ಟಕ್ಕೆಸೆದಳು. ನಾಯಿ ಮರೆಯಲಿ, ಕುರ್ಚಿ ತನಗೆ ಬರಲಿ.

ಇವತ್ತು ಅಳತೆಗಾರ ಬಂದ. ಯಂತ್ರವನ್ನು ಕಾಳ್ಯಾನ ಎದೆಗಿಟ್ಟ. ಮುಳ್ಳು ಮಿಸುಕಲಿಲ್ಲ, ಕಾಳ್ಯಾ ಬಾಲ ಅಲ್ಲಾಡಿಸಿತು.

"ಮರತೈತ್ರಿ! ಇನ್ನ ನನಗ ಹಚ್ರಿ," ಎಂದಳು ನೀಲವ್ವ, ಸೆರಗು ಸರಿಪಡಿಸಿಕೊಂಡು.

ಹಚ್ಚಿದ. ಮುಳ್ಳು ಮಿಸುಕಲಿಲ್ಲ. ಯಂತ್ರವನ್ನು ಕುಟ್ಟಿ ಮತ್ತೆ ಹಚ್ಚಿದ.

"ತಂಗೀ, ಈ ಮನ್ಯಾಗ ಯಾರೂ ಸತ್ತಂಗಿಲ್ಲ ಬಿಡು," ಎಂದು ಹುದ್ದೆಯನ್ನೇ ರದ್ದು ಮಾಡಿ ಎದ್ದ.

"ನಾ ಅವರ ಹೊಟ್ಟ್ಯಾಗ ಹುಟ್ಟಿದ ಮಗಳ್ರಿ!"

"ಅದನ್ನ ಯಂತ್ರ ಕೇಳೂದಿಲ್ಲ ತಂಗಿ."

ಅಳತೆಗಾರನ ಜೀಪು ಹೋದ ಮೇಲೆ ನೀಲವ್ವ ಅಟ್ಟದಿಂದ ಚಪ್ಪಲಿ ಇಳಿಸಿ ಹೊಸ್ತಿಲಲ್ಲಿಟ್ಟಳು. ಕಾಳ್ಯಾ ಮೂಸಿತು, ಮರುಗಳಿಗೆಯೇ ಓಣಿಗೆಲ್ಲ ಕೇಳುವಂತೆ ಊಳಿಟ್ಟಿತು. ಅದರ ಪಕ್ಕ ಕುಳಿತು, ತನಗೂ ಅಳು ಬರಲೆಂದು ನೀಲವ್ವ ಕಾದಳು. ಕಾಳ್ಯಾನ ಬುತ್ತಿಗೆಂದು ಒಲೆಯ ಮೇಲಿಟ್ಟಿದ್ದ ರೊಟ್ಟಿ ಕರಕಾಗುವ ವಾಸನೆ ಬಂತು; ಅಳು ಬರಲಿಲ್ಲ.